ಕಕ್ಕಡ ಹದಿನೆಂಟರ ನೀರು: ‘ಪೊನ್ನಿಯಿನ್ ಸೆಲ್ವನ್’ ಎರಡೂ ಭಾಗ ನೋಡಿ ಬಂದ ಮೇಲೆ

ಕಳೆದ ಭಾನುವಾರ ಮೈಸೂರಿಗೆ ಹೋಗಿ ‘ಪೊನ್ನಿಯಿನ್ ಸೆಲ್ವನ್’ ಎರಡನೇ ಭಾಗ ನೋಡಿ ಬಂದೆವು. ಮೊದಲ ಭಾಗವನ್ನು ಹೋದ ದಸರಾ ಸಮಯದಲ್ಲಿ ನೋಡಿದ್ದೆವು. ಎರಡೂ ಸೇರಿ ಐದೂವರೆ ಗಂಟೆ ಸಿನಿಮಾ. ನೋಡಬಹುದಾ ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ: ನೋಡಿ, ದೊಡ್ಡ ಪರದೆಯಲ್ಲೇ ನೋಡಿ. ಆದರೆ ಈ ಸಿನಿಮಾಕ್ಕೆ ಮೂಲವಾದ, ಕಲ್ಕಿ ಕೃಷ್ಣಮೂರ್ತಿ ಬರೆದ ತಮಿಳು ಕಾದಂಬರಿ ನನಗೆ ನಲವತ್ತು ವರ್ಷದಿಂದ ಗೊತ್ತು. ಹಾಗಾಗಿ ನನ್ನ ವಿಮರ್ಶೆ ಅಷ್ಟಕ್ಕೇ ಮುಗಿಯುವುದಿಲ್ಲ.

ನಮ್ಮ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ಕಾವೇರಿ ಹೊಳೆಯಿಂದ ಒಂದು ಕೂಗಳತೆ ದೂರದಲ್ಲಿ. ಹುಟ್ಟಿದ್ದೂ ಇದೇ ಕಡೆ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಪಕ್ಕದ ಕ್ವಾರ್ಟರ್ಸಿನಲ್ಲಿ ಎಸ್ಟೇಟ್ ಡಿಸ್ಪೆನ್ಸರಿಯ ಕಾಂಪೌಂಡರ್ ಸಂಸಾರ. ಅವರು ಕುಂಭಕೋಣದ ಕಡೆಯವರು. ಮನೆಯ ಯಜಮಾನಿಯನ್ನು ನಾವೆಲ್ಲ ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ, ಅಂತಲೇ ಕರೆಯುತ್ತಿದ್ದೆವು. ಪಾಟಿ ಮದುವೆಯಾಗಿ ಈ ಮಳೆಯ ಊರಿಗೆ ಬಂದ ಹೊಸತರಲ್ಲಿ, 1950ರ ಅಕ್ಟೋಬರ್‌ನಲ್ಲಿ, ‘ಕಲ್ಕಿ’ ವಾರಪತ್ರಿಕೆಯಲ್ಲಿ ಈ ಕಾದಂಬರಿ ಶುರುವಾಯಿತು. 1954ರ ಮೇ ತಿಂಗಳವರೆಗೆ, ಅಂದರೆ ಮೂರೂವರೆ ವರ್ಷ ಬಂತು. ಪತ್ರಿಕೆ ಎಸ್ಟೇಟಿಗೆ ಅಂಚೆಯಲ್ಲಿ ಬರುತ್ತಿತ್ತು, ಒಂದು ವಾರ ತಡವಾಗಿ. ಪಾಟಿ ಪ್ರತಿ ವಾರದ ಹಾಳೆಗಳನ್ನು ಬಿಡಿಸಿ, ಕೊನೆಗೆ ಎಲ್ಲವನ್ನೂ ಐದು ಭಾಗ ಮಾಡಿ ರಟ್ಟು ಹಾಕಿಸಿದ್ದರು. ಆ ಕಾಲದಲ್ಲಿ ತಮಿಳು ಮನೆಗಳಲ್ಲಿ ಹೀಗೆ ಬೈಂಡ್ ಮಾಡಿಸಿ ಇಡುವುದು ವಾಡಿಕೆ.

ಆ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ಕಂದು ಬಣ್ಣದ ಬಟ್ಟೆಯ ಬೆನ್ನು. ಹಾಳೆಗಳ ಅಂಚು ಒಂದು ಹಿಂದೆ, ಒಂದು ಮುಂದೆ. ಕೆಲವು ಪುಟದ ಹಿಂಬದಿಯಲ್ಲಿ ಸೋಪಿನ, ಕೂದಲೆಣ್ಣೆಯ ಜಾಹೀರಾತು. ನಡುನಡುವೆ ಮಣಿಯಂ ಬರೆದ ಚಿತ್ರಗಳು. ಓರೆಯಾಗಿ ಕಟ್ಟಿದ ಎತ್ತರದ ಮುಡಿ, ಉದ್ದ ಕಣ್ಣು, ಸಣ್ಣ ಸೊಂಟ. ಹನ್ನೊಂದನೇ ವಯಸ್ಸಿನಲ್ಲಿ ರಾಣಿ ಅಂದರೆ ಹೀಗೇ ಇರುತ್ತಾಳೆ ಅಂತ ನಾನು ನಂಬಿದ್ದೆ.

ಪಾಟಿ ಓದಿ ಹೇಳುತ್ತಿದ್ದದ್ದು ಮಳೆಗಾಲದ ಮಧ್ಯಾಹ್ನಗಳಲ್ಲಿ. ಶಾಲೆಗೆ ಮಳೆ ರಜೆ. ಕರೆಂಟ್ ಇರುವುದಿಲ್ಲ. ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾ, ನಾನು ಮತ್ತು ಪಾಟಿಯ ಮಗಳು ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಪಾಟಿ ಒಂದು ವಾಕ್ಯ ತಮಿಳಿನಲ್ಲಿ ಓದುವರು, ತಕ್ಷಣ ಅದನ್ನೇ ತಮ್ಮ ಕನ್ನಡದಲ್ಲಿ ಹೇಳುವರು. ಅಧ್ಯಾಯ ಮುಗಿದಾಗ ನಾನು ‘ಅಪ್ಪುರಂ?’ ಅನ್ನುತ್ತಿದ್ದೆ. ಆಮೇಲೆ ಏನಾಯ್ತು ಅಂತ. ನಾನು ಕಲಿತ ಮೊದಲ ತಮಿಳು ಪದ ಅದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರವೂ ಬಂತು. ಪಾಟಿಯ ಮಗಳು ಕನ್ನಡ ಮೀಡಿಯಂನಲ್ಲೇ ಓದಿದಳು, ತಮಿಳು ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅದಕ್ಕೇ ಗಂಡ ಕೆಲಸದಿಂದ ನಿವೃತ್ತರಾಗಿ ಊರು ಬಿಡುವಾಗ ಪಾಟಿ ಐದೂ ಪುಸ್ತಕ ನನ್ನ ಕೈಗೆ ಕೊಟ್ಟರು.

ಕಾದಂಬರಿ ಶುರುವಾಗುವ ದಿನವೇ ನನಗೆ ಈ ಕಥೆಯನ್ನು ಅಂಟಿಸಿದ್ದು. ಅದು ಆಡಿ ತಿಂಗಳ ಹದಿನೆಂಟು. ವಂದಿಯತ್ತೇವನ್ ಅನ್ನುವ ಹುಡುಗ ಕುದುರೆ ಮೇಲೆ ವೀರನಾರಾಯಣ ಕೆರೆಯ ಏರಿ ಮೇಲೆ ಬರುತ್ತಿರುತ್ತಾನೆ. ಹೊಸ ನೀರು ತುಂಬಿದೆ. ಕೆರೆಯ 74 ತೂಬುಗಳಿಂದಲೂ ನೀರು ನುಗ್ಗುತ್ತಿದೆ. ಹೆಂಗಸರು ಮಕ್ಕಳು ಹೊಸ ಬಟ್ಟೆ ಉಟ್ಟು, ಚಿತ್ರಾನ್ನ ಕಟ್ಟಿಕೊಂಡು ದಡಕ್ಕೆ ಬಂದಿದ್ದಾರೆ. ನೀರಿಗೆ ಹೂವು ಬಿಡುತ್ತಿದ್ದಾರೆ. ಮೊದಲ ಭಾಗದ ಹೆಸರೇ ‘ಪುದುವೆಳ್ಳಂ’. ಹೊಸ ಪ್ರವಾಹ.

ತಮಿಳರ ಆಡಿ ಹದಿನೆಂಟು ಅಂದರೆ ನಮ್ಮ ಕಕ್ಕಡ ಹದಿನೆಂಟು. ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಕೊಡಗಿನಲ್ಲಿ ಅವತ್ತು ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಮ್ಮಿ. ಹದಿನೆಂಟು ದಿನಕ್ಕೆ ಹದಿನೆಂಟು ಬಗೆಯ ಔಷಧಿ ಆ ಸೊಪ್ಪಿಗೆ ಇಳಿಯುತ್ತದೆ ಅಂತ ಹೇಳುತ್ತಾರೆ. ಸೊಪ್ಪು ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮನೆ ತುಂಬ ಅದರದೇ ಪರಿಮಳ. ಹೊರಗೆ ಮಳೆ ಬಿಡುವುದೇ ಇಲ್ಲ. ತಲಕಾವೇರಿಯಲ್ಲಿ, ಭಾಗಮಂಡಲದಲ್ಲಿ ಸುರಿದದ್ದೆಲ್ಲ ನಮ್ಮ ಮನೆ ಮುಂದೆ ಕೆಂಪಗೆ ಹರಿದು ಹೋಗುತ್ತಿರುತ್ತದೆ. ಪಾಟಿ ನಮ್ಮ ಅಮ್ಮ ಕೊಟ್ಟ ಪಾಯಸ ತಿಂದು, ನೇರಳೆ ನಾಲಿಗೆ ತೋರಿಸಿ, ಕಿಟಕಿಯಾಚೆ ಕೈ ಮಾಡಿ ಹೇಳಿದ್ದರು: ನೋಡು, ಈ ನೀರು ಹೋಗ್ತಾ ಇದೆಯಲ್ಲ, ಇದೇ ನೀರಿಗೆ ನಮ್ಮೂರಲ್ಲಿ ಹೂವು ಬಿಡ್ತಾರೆ. ಚೋಳರ ಕಾಲದಲ್ಲಿ ಕನ್ನಂಬಾಡಿ ಕಟ್ಟೆ ಇರಲಿಲ್ಲ, ಮೆಟ್ಟೂರು ಕಟ್ಟೆ ಇರಲಿಲ್ಲ. ಇಲ್ಲಿಂದ ಹೊರಟ ನೀರು ಸೀದಾ ಚೋಳರ ಗದ್ದೆಗೆ.

ಕಾವೇರಿಗೆ ತಮಿಳಿನಲ್ಲಿ ಪೊನ್ನಿ ಅನ್ನುತ್ತಾರೆ. ಪೊನ್ ಅಂದರೆ ಹೊನ್ನು. ನಮ್ಮ ಕೊಡವ ನೆರೆಯವರಲ್ಲಿ ಎಷ್ಟು ಜನ ಪೊನ್ನಪ್ಪ, ಪೊನ್ನಮ್ಮ ಇದ್ದಾರೆ ಅಲ್ವಾ. ಕಥೆಯಲ್ಲಿ ರಾಜಕುಮಾರ ಅರುಳ್ಮೊಳಿ ಚಿಕ್ಕವನಿದ್ದಾಗ ದೋಣಿಯಿಂದ ಹೊಳೆಗೆ ಬೀಳುತ್ತಾನೆ. ಯಾರೋ ಒಬ್ಬಳು ಹೆಂಗಸು ಎತ್ತಿ ದೋಣಿಗೆ ಕೊಟ್ಟು ಮಾಯವಾಗುತ್ತಾಳೆ. ಕಾವೇರಿ ತಾಯಿಯೇ ಬಂದು ಉಳಿಸಿದಳು ಅಂತ ಜನ ನಂಬುತ್ತಾರೆ. ಹಾಗಾಗಿ ಅವನು ಪೊನ್ನಿಯ ಮಗ. ಮುಂದೆ ರಾಜರಾಜ ಚೋಳ ಆಗುವವನು ಅವನೇ. ನನಗೆ ಈ ಹೆಸರು ಕೇಳಿದಾಗಲೆಲ್ಲ ಅನಿಸುವುದು ಒಂದೇ: ಆ ಮಗುವಿನ ತವರು ನಮ್ಮ ಬೆಟ್ಟ.

ಇಷ್ಟೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಸಿನಿಮಾಕ್ಕೆ ಹೋದವಳು ನಾನು.

2022ರ ಸೆಪ್ಟೆಂಬರ್ 30ಕ್ಕೆ ಮೊದಲ ಭಾಗ ಬಂತು. ನಾವು ಹೋಗಿದ್ದು ಎರಡು ದಿನ ಬಿಟ್ಟು, ಭಾನುವಾರ. ನಮ್ಮ ಕಡೆಯವರು ಇಂಥ ಸಿನಿಮಾ ಚೆನ್ನಾಗಿ ನೋಡಬೇಕು ಅಂದರೆ ಮೈಸೂರಿಗೆ ಹೋಗುವುದೇ ವಾಸಿ. ಮಾಲ್ದಾರೆ ಮೇಲೆ ಪಿರಿಯಾಪಟ್ಟಣ, ಹುಣಸೂರು, ಆಮೇಲೆ ಮೈಸೂರು. ಬೆಳಗಿನ ಶೋ ಬಿಟ್ಟರೆ ಬೇರೆ ಶೋಗೆ ಹೋಗುವ ಹಾಗಿಲ್ಲ. ಮಾಲ್ದಾರೆ ರಸ್ತೆಯಲ್ಲಿ ಕತ್ತಲಾದ ಮೇಲೆ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಹೇಳಲಾಗದು. ಬೆಳಿಗ್ಗೆ ಆರಕ್ಕೆ ಹೊರಟೆವು. ನಾನು, ಮನೆಯವರು. ಪಾಟಿಯ ಮಗಳು ಈಗ ಮೈಸೂರಿನಲ್ಲೇ ಇದ್ದಾಳೆ, ಅವಳು ಅಲ್ಲಿ ಸೇರಿಕೊಂಡಳು. ಪಾಟಿ ತೀರಿಕೊಂಡು ಒಂಬತ್ತು ವರ್ಷ ಆಗಿದೆ. ಅವಳು ಅಮ್ಮನ ಹಳೇ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ಮಾಲ್ ಬಾಗಿಲಲ್ಲಿ ಅವಳನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಈಗ ಚಿತ್ರಮಂದಿರದ ವಿಷಯ. ಹೆಸರು ಬೇಡ. ನಾವು ಮೊಬೈಲಿನಲ್ಲಿ ಟಿಕೆಟ್ ತೆಗೆದದ್ದು ಕನ್ನಡ ಆವೃತ್ತಿಗೆ. ಮನೆಯವರಿಗೆ ತಮಿಳು ಅಲ್ಪಸ್ವಲ್ಪ, ತೋಟದ ಕೆಲಸಕ್ಕೆ ಬೇಕಾದಷ್ಟು. ರಾಜರ ಕಾಲದ ತಮಿಳು ಹೇಗೆ ತಿಳಿಯಬೇಕು. ಬಾಗಿಲಲ್ಲಿ ನಿಂತವರು, ಕನ್ನಡ ಶೋ ಕ್ಯಾನ್ಸಲ್ ಆಗಿದೆ, ಅದೇ ಹೊತ್ತಿಗೆ ತಮಿಳು ಹಾಕಿದ್ದೇವೆ, ಒಳಗೆ ಹೋಗಿ ಅಂದರು. ಮೊದಲೇ ಒಂದು ಮೆಸೇಜ್ ಕಳಿಸಬಾರದಿತ್ತಾ? ಮೂರು ಗಂಟೆ ದಾರಿ ಬಂದವರು ನಾವು. ಹಣ ವಾಪಸ್ ಕೇಳಿದ್ದಕ್ಕೆ ಆ್ಯಪ್‌ನವರನ್ನು ಕೇಳಿ ಅಂದರು. ಆ್ಯಪ್‌ನವರು ಚಿತ್ರಮಂದಿರದವರನ್ನು ಕೇಳಿ ಅಂದರು. ಕರ್ನಾಟಕದಲ್ಲಿ ಕನ್ನಡ ಡಬ್ಬಿಂಗ್ ಬಂದಿದೆ ಅಂತ ಖುಷಿಯಿಂದ ಹೋದವರಿಗೆ ಹೀಗೆ ಮಾಡಿದರೆ, ಮುಂದಿನ ಸಲ ಯಾರು ಕನ್ನಡದಲ್ಲಿ ಕೇಳುತ್ತಾರೆ? ಇದು ಸಣ್ಣ ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ.

ಪರದೆ, ಸೌಂಡ್ ಎರಡೂ ಚೆನ್ನಾಗಿತ್ತು. ಎಸಿ ಜಾಸ್ತಿ. ಮಡಿಕೇರಿ ಚಳಿ ಕಂಡವರಿಗೂ ಶಾಲು ಬೇಕಾಯಿತು.

ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಓಡುತ್ತಿತ್ತು. ಮನೆಯವರು ಒಂದು ಸಾಲು ಓದುವಷ್ಟರಲ್ಲಿ ಮೂರು ಸಾಲು ಹೋಗಿರುತ್ತಿತ್ತು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಹೇಳತೊಡಗಿದೆ. ಇವನು ದೊಡ್ಡ ಮಗ ಆದಿತ್ಯ ಕರಿಕಾಲ, ಕಂಚಿಯಲ್ಲಿ ಇದ್ದಾನೆ. ಅವಳು ತಂಗಿ ಕುಂದವೈ, ಪಳೈಯಾರೆಯಲ್ಲಿ. ಸಣ್ಣವನು ಲಂಕೆಯಲ್ಲಿ. ಅಪ್ಪ ರಾಜ ಸುಂದರ ಚೋಳ, ತಂಜಾವೂರಿನಲ್ಲಿ ಕಾಲು ಬಿದ್ದುಹೋಗಿ ಮಲಗಿದ್ದಾರೆ. ಪಾಟಿ ನನಗೆ ಹೇಳಿದ ಹಾಗೇ ನಾನು ಹೇಳುತ್ತಿದ್ದೆ ಅಂತ ಹೊಳೆದದ್ದು ಪಕ್ಕದಲ್ಲಿ ಕೂತ ಅವರ ಮಗಳು ನನ್ನ ಕೈ ಹಿಡಿದುಕೊಂಡಾಗ.

ಸಿನಿಮಾ ಯುದ್ಧದಿಂದ ಶುರುವಾಗುತ್ತದೆ. ಚೋಳರಿಗೂ ರಾಷ್ಟ್ರಕೂಟರಿಗೂ ಯುದ್ಧ. ಕಾದಂಬರಿ ಹೀಗೆ ಶುರುವಾಗುವುದಿಲ್ಲ. ಜನರನ್ನು ಮೊದಲ ಐದು ನಿಮಿಷದಲ್ಲೇ ಹಿಡಿದು ಕೂರಿಸಬೇಕು ಅನ್ನುವ ಕಷ್ಟ ನನಗೂ ಗೊತ್ತು. ಆದರೂ ಹಬ್ಬದ ದಿನ ಬಿಟ್ಟು ರಕ್ತದಿಂದ ಶುರು ಮಾಡಿದ್ದು ನನಗೆ ನೋವಾಯಿತು. ಇನ್ನೊಂದು ಕಾರಣವೂ ಇದೆ. ರಾಷ್ಟ್ರಕೂಟರು ಅಂದರೆ ನಮ್ಮ ಮಾನ್ಯಖೇಟದವರು. ಪರದೆ ಮೇಲೆ ಅವರು ಸುಮ್ನೆ ಸಾಯಲು ಬಂದವರ ಹಾಗೆ ಕಾಣುತ್ತಾರೆ. ಕಲ್ಕಿ ಮೊದಲ ಅಧ್ಯಾಯದಲ್ಲೇ ಈ ಹಗೆಯನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ ಗೊತ್ತಾ? ವಂದಿಯತ್ತೇವನ್ ನೋಡುತ್ತಾ ಬರುವ ಆ ಕೆರೆಯನ್ನು ಕಟ್ಟಿಸಿದವನು ರಾಜಾದಿತ್ಯ ಅನ್ನುವ ಚೋಳ ರಾಜಕುಮಾರ. ಯುದ್ಧಕ್ಕೆ ಅಂತ ಬಂದು ಕಾಯುತ್ತಿದ್ದ ಸೈನ್ಯ ಸುಮ್ಮನೆ ಕೂರುವುದು ಬೇಡ ಅಂತ ಅವರ ಕೈಯಲ್ಲೇ ಅಗೆಸಿದ್ದು. ಆಮೇಲೆ ಆ ರಾಜಾದಿತ್ಯ ತಕ್ಕೋಲಂ ಯುದ್ಧದಲ್ಲಿ ಸಾಯುತ್ತಾನೆ. ಅವನನ್ನು ಕೊಂದವನು ಯಾರು? ರಾಷ್ಟ್ರಕೂಟರ ಮೂರನೇ ಕೃಷ್ಣನ ಕಡೆ ನಿಂತಿದ್ದ ಗಂಗರ ಬೂತುಗ. ಅದನ್ನು ಹೇಳುವ ಕಲ್ಲು ನಮ್ಮಲ್ಲೇ ಇದೆ, ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಹಂದಿಯ ಜೊತೆ ಹೋರಾಡಿ ಸತ್ತ ‘ಕಾಳಿ’ ಅನ್ನುವ ನಾಯಿಗೆ ನಿಲ್ಲಿಸಿದ ವೀರಗಲ್ಲು ಅಂತ ಶಾಲೆಯಲ್ಲಿ ಓದಿರುತ್ತೇವಲ್ಲ, ಅದೇ ಕಲ್ಲು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಒಂದು ಕಡೆ ಸತ್ತ ರಾಜಕುಮಾರನ ಕೆರೆ, ಇನ್ನೊಂದು ಕಡೆ ಕೊಂದವನು ಕೊಟ್ಟ ನಾಯಿಯ ಕಲ್ಲು. ಕನ್ನಡದ ಓದುಗರಿಗೆ ಈ ಕಾದಂಬರಿ ದೂರದ್ದು ಅಂತ ಯಾರಾದರೂ ಹೇಳಿದರೆ ನಾನು ಈ ಕಲ್ಲಿನ ಕಥೆ ಹೇಳುತ್ತೇನೆ.

ಯುದ್ಧ ಮುಗಿದು ಕಾರ್ತಿ ಕುದುರೆ ಹತ್ತಿ ಹೊರಟ ಮೇಲೆ ನನ್ನ ಮನಸ್ಸು ತಣ್ಣಗಾಯಿತು. ವಂದಿಯತ್ತೇವನ್ ಅಂದರೆ ಅವನೇ. ಮಾತು ಜಾಸ್ತಿ, ಹಸಿವು ಜಾಸ್ತಿ, ಹೆಣ್ಣು ಮಕ್ಕಳ ಮುಂದೆ ಪೆಚ್ಚಾಗುವುದು, ಸಿಕ್ಕಿಬಿದ್ದ ಕೂಡಲೇ ಒಂದು ಸುಳ್ಳು ಹೊಸೆಯುವುದು. ಎಲ್ಲವೂ ಪುಸ್ತಕದಿಂದ ಎದ್ದು ಬಂದ ಹಾಗಿದೆ. ವೈಷ್ಣವ ಗೂಢಚಾರ ಆಳ್ವಾರ್ಕಡಿಯಾನ್ ನಂಬಿ ಆಗಿ ಜಯರಾಂ ಕೂಡ ಹಾಗೇ. ಆ ಹೊಟ್ಟೆ, ಆ ಜುಟ್ಟು, ಕೈಯಲ್ಲೊಂದು ದೊಣ್ಣೆ. ಅವರಿಬ್ಬರೂ ಜಗಳ ಆಡುವಾಗ ಚಿತ್ರಮಂದಿರ ಪೂರ್ತಿ ನಕ್ಕಿತು, ನಮ್ಮ ಮನೆಯವರೂ. ನಗುವಿಗೆ ಸಬ್‌ಟೈಟಲ್ ಬೇಕಾಗಲಿಲ್ಲ. ಚೋಳರ ಮೇಲೆ ಸೇಡಿಗೆ ಕಾಯುವ ರವಿದಾಸನಾಗಿ ನಮ್ಮ ಕಿಶೋರ್ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ತ್ರಿಷಾ ಕುಂದವೈ ಆಗಿ ಮೊದಲು ಕಾಣಿಸಿದಾಗ ನಾನು ಹುಡುಕಿದ್ದು ಆ ಮುಡಿಯನ್ನು. ಇತ್ತು! ಮಣಿಯಂ ಬರೆದ ಹಾಗೇ ಎತ್ತರಕ್ಕೆ, ಓರೆಯಾಗಿ. ಸಣ್ಣ ವಿಷಯ ಅನಿಸಬಹುದು. ಎಪ್ಪತ್ತು ವರ್ಷ ಲಕ್ಷಾಂತರ ಓದುಗರ ಕಣ್ಣಲ್ಲಿ ಕೂತಿದ್ದ ಚಿತ್ರಕ್ಕೆ ಯಾರೋ ಮರ್ಯಾದೆ ಕೊಟ್ಟಿದ್ದಾರೆ ಅನ್ನುವುದು ನನಗೆ ದೊಡ್ಡ ವಿಷಯ.

ಆಮೇಲೆ ತಂಜಾವೂರು ಅರಮನೆಯಲ್ಲಿ ಕುಂದವೈ ಮತ್ತು ಮುದಿ ಸಾಮಂತ ಪಳುವೇಟ್ಟರೈಯರ್‌ನ ಎಳೆ ಹೆಂಡತಿ ನಂದಿನಿ ಎದುರುಬದುರಾಗುವ ದೃಶ್ಯ. ಮೊದಲ ಭಾಗದಲ್ಲಿ ನಾನು ಉಸಿರು ಹಿಡಿದು ನೋಡಿದ್ದು ಅದೊಂದನ್ನೇ. ಇಬ್ಬರೂ ನಗುತ್ತಾ ಮಾತಾಡುತ್ತಾರೆ. ದನಿ ಏರುವುದಿಲ್ಲ. ಒಂದೊಂದು ಮಾತೂ ಎಲೆಯಡಿಕೆ ತಟ್ಟೆಯಲ್ಲಿಟ್ಟ ಚಾಕುವಿನ ಹಾಗೆ. ನಂದಿನಿಯಾಗಿ ಐಶ್ವರ್ಯಾ ರೈ. ಈ ಪಾತ್ರಕ್ಕೆ ಯಾರು ಅಂತ ಕೇಳಿದ್ದರೆ ನಾನೂ ಅವರ ಹೆಸರನ್ನೇ ಹೇಳುತ್ತಿದ್ದೆ. ಚೆಂದ ಒಂದೇ ಕಾರಣ ಅಲ್ಲ. ನಂದಿನಿ ಕಣ್ಣಲ್ಲಿ ಯಾವಾಗಲೂ ಒಂದು ಹಳೇ ಗಾಯ ಇರಬೇಕು. ಅದು ಇದೆ.

ಹಾಗಾದರೆ ಕೊರತೆ ಏನು? ನೀರು.

ಕಲ್ಕಿ ಕಥೆಯಲ್ಲಿ ನೀರು ಇಲ್ಲದ ಅಧ್ಯಾಯ ಕಮ್ಮಿ. ಕೆರೆ, ಹೊಳೆ, ಕಾಲುವೆ, ಕೋಡಿಕ್ಕರೆಯ ಉಪ್ಪು ಜೌಗು, ಸಮುದ್ರ. ಜನ ಗುಟ್ಟು ಮಾತಾಡುವುದು ದೋಣಿಯಲ್ಲಿ. ಮಳೆ ಬಂದು ದಾರಿ ತಪ್ಪುತ್ತಾರೆ. ಹೊಳೆ ತುಂಬಿ ಒಂದು ದಿನ ತಡ ಆದರೆ ರಾಜ್ಯದ ಹಣೆಬರಹವೇ ಬದಲಾಗುತ್ತದೆ. ಸಿನಿಮಾದಲ್ಲಿ ಸಮುದ್ರ ಇದೆ. ಅದು ಬಹಳ ಚೆನ್ನಾಗಿದೆ. ಮೊದಲ ಭಾಗದ ಕೊನೆಯ ಹಡಗಿನ ಕಾಳಗ, ಬಿರುಗಾಳಿ ನೋಡುವಾಗ ನಾನು ಕುರ್ಚಿಯ ಕೈ ಬಿಡಲಿಲ್ಲ. ಪೂಂಗುಳಲಿ ರಾತ್ರಿ ಸಮುದ್ರದಲ್ಲಿ ದೋಣಿ ನಡೆಸುತ್ತಾ ಹಾಡುವುದಂತೂ ಎ.ಆರ್. ರೆಹಮಾನ್ ಕೊಟ್ಟ ವರ. ಆದರೆ ಹೊಳೆ? ಒಂದು ಹಾಡಿನಲ್ಲಿ ಬಂದು ಹೋಗುತ್ತದೆ. ಪೊನ್ನಿಯ ಹೆಸರು ಹಾಡಿನಲ್ಲಿ ಎಷ್ಟೋ ಸಲ ಕೇಳುತ್ತದೆ, ಪೊನ್ನಿ ಕಾಣುವುದು ಕಮ್ಮಿ. ಚಿತ್ರೀಕರಣ ಮಧ್ಯಪ್ರದೇಶದ ಓರ್ಛಾ, ಗ್ವಾಲಿಯರ್, ಥಾಯ್ಲೆಂಡ್ ಎಲ್ಲ ಕಡೆ ನಡೆದಿದೆ. ಓರ್ಛಾ ಇರುವುದು ಬೇತ್ವಾ ನದಿ ದಡದಲ್ಲಿ. ಹೊಳೆ ದಡದವರಿಗೆ ತಮ್ಮ ಹೊಳೆ ಗುರುತು ಸಿಗುತ್ತದೆ. ಅದರ ಬಣ್ಣ, ಅದು ಬಂಡೆ ಬಳಸುವ ರೀತಿ, ದಡಕ್ಕೆ ಬಾಗಿದ ಮರ. ಪರದೆ ಮೇಲೆ ನನಗೆ ಅದು ಸಿಗಲಿಲ್ಲ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ಆಚೆ ದಡದ ನೆಲ್ಲಿಹುದಿಕೇರಿ ಎಲ್ಲ ಮುಳುಗಿದ್ದು ನೀವು ಟಿವಿಯಲ್ಲಿ ನೋಡಿರುತ್ತೀರಿ. ಅದೂ ಕಕ್ಕಡ ತಿಂಗಳೇ. ಮದ್ದು ಪಾಯಸ ತಿಂದು ವಾರ ಆಗಿರಲಿಲ್ಲ. ರಾತ್ರಿ ಅಂಗಳಕ್ಕೆ ಬಂದ ನೀರು ಬೆಳಗಾಗುವಷ್ಟರಲ್ಲಿ ಕಿಟಕಿ ಮುಟ್ಟಿತ್ತು. ಅಟ್ಟಕ್ಕೆ ಎತ್ತಿ ಇಟ್ಟದ್ದರಲ್ಲಿ ಪಾಟಿಯ ಪುಸ್ತಕವೂ ಇದ್ದವು, ಆದರೆ ನಾಲ್ಕೇ. ನಾಲ್ಕನೇ ಭಾಗವನ್ನು ನಾನು ಆ ವಾರ ಮತ್ತೆ ಓದುತ್ತಿದ್ದೆ, ಮಂಚದ ಮೇಲೆ ಇತ್ತು. ನೀರು ಇಳಿದ ಮೇಲೆ ಕೆಸರಿನಲ್ಲಿ ಸಿಕ್ಕಿತು. ಬಿಸಿಲು ಬಂದಾಗ ಕಾಫಿ ಒಣಗಿಸುವ ಕಣದಲ್ಲಿ ಹರಡಿ ಒಣಗಿಸಿದೆ. ಹಾಳೆಗಳು ಅಂಟಿಕೊಂಡು ಇಟ್ಟಿಗೆಯ ಹಾಗಾಗಿವೆ. ಬಿಡಿಸಲು ಹೋದರೆ ಪುಡಿಯಾಗುತ್ತವೆ. ಮೇಲಿನ ಒಂದು ಹಾಳೆ ಮಾತ್ರ ಬಿಟ್ಟುಕೊಂಡಿತು. ಅದರಲ್ಲೊಂದು ಚಿತ್ರ, ಅರ್ಧದಿಂದ ಕೆಳಗೆ ಕೆಂಪು ಮಣ್ಣಿನ ಗೆರೆ. ಹೊಸ ಪ್ರವಾಹ ಅಂದರೆ ಹೂವು ಬಿಡುವ ಹಬ್ಬವೂ ಹೌದು, ಮನೆಯೊಳಗೆ ಬರುವ ಕೆಸರೂ ಹೌದು. ಕಲ್ಕಿಗೆ ಎರಡೂ ಗೊತ್ತಿತ್ತು. ಮುಂದಿನ ಭಾಗಗಳಲ್ಲಿ ಬಿರುಗಾಳಿ ಬಂದು ನಾಗಪಟ್ಟಣಕ್ಕೆ ಸಮುದ್ರ ನುಗ್ಗುತ್ತದೆ, ಹೊಳೆಗಳು ದಡ ಮೀರುತ್ತವೆ. ಆ ಪುಟಗಳನ್ನು ಓದುವಾಗ ಈಗ ನನ್ನ ಕೈ ನಡುಗುತ್ತದೆ.

ಮೊದಲ ಭಾಗ ನೋಡಿ ವಾಪಸ್ ಬರುವಾಗ ಹುಣಸೂರು ದಾಟಿದ ಮೇಲೆ ಮನೆಯವರು ಕೇಳಿದರು: ಆ ಮುದುಕಿ ನೀರೊಳಗೆ ಬಂದಳಲ್ಲ, ಅವಳ ಮುಖ ನಂದಿನಿ ಹಾಗೇ ಯಾಕಿದೆ? ನಾನು ಹೇಳಲಿಲ್ಲ. ಪುಸ್ತಕ ಓದುತ್ತೇನೆ, ಕೇಳ್ತೀರಾ ಅಂದೆ. ಅಲ್ಲಿಂದ ಶುರುವಾಯಿತು. ರಾತ್ರಿ ಊಟ ಆದ ಮೇಲೆ ಒಂದು ಅಧ್ಯಾಯ. ಒಂದು ವಾಕ್ಯ ತಮಿಳು, ಒಂದು ವಾಕ್ಯ ಕನ್ನಡ. ಅಕ್ಟೋಬರ್ 17ರ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗಿ ಬಂದ ರಾತ್ರಿಯೂ ಬಿಡಲಿಲ್ಲ. ಮೊದಲ ಭಾಗಕ್ಕೆ 57 ಅಧ್ಯಾಯ, ನವೆಂಬರ್ ಕೊನೆಗೆ ಮುಗಿಯಿತು. ಕಾಫಿ ಕೊಯ್ಲು ಶುರುವಾದ ಮೇಲೆ ವಾರಕ್ಕೆ ಎರಡಾದರೆ ಹೆಚ್ಚು. ಹೂಮಳೆ ಬಿದ್ದು ತೋಟ ಬೆಳ್ಳಗಾದ ಮೇಲೆ ಮತ್ತೆ ವೇಗ ಬಂತು. 2023ರ ಏಪ್ರಿಲ್ 28ಕ್ಕೆ ಎರಡನೇ ಸಿನಿಮಾ ಬರುವ ಹೊತ್ತಿಗೆ ನಾವು ಮೂರನೇ ಭಾಗ ‘ಕೊಲೈವಾಳ್’ ನಡುವೆ ಇದ್ದೆವು.

ಎರಡನೇ ಸಲ ಬೇರೆ ಚಿತ್ರಮಂದಿರ ಹುಡುಕಿದೆವು. ಟಿಕೆಟ್ ತೆಗೆಯುವ ಮೊದಲು ಫೋನ್ ಮಾಡಿ ಕನ್ನಡವೋ ತಮಿಳೋ ಅಂತ ಕೇಳಿಕೊಂಡೆವು. ತಮಿಳು ಅಂದರು. ಪರವಾಗಿಲ್ಲ ಅಂದೆವು. ಈಗ ಮನೆಯವರಿಗೆ ಎಲ್ಲರೂ ಗೊತ್ತು. ನಾನು ಪಿಸುಗುಟ್ಟಬೇಕಾಗಲಿಲ್ಲ.

ಎರಡನೇ ಭಾಗ ನಂದಿನಿ, ಕರಿಕಾಲರ ಹಳೇ ಪ್ರೀತಿಯಿಂದ ಶುರುವಾಗುತ್ತದೆ. ಹೊಳೆ ದಡದ ಹುಡುಗಿ, ರಾಜಕುಮಾರ. ಮಾತು ಕಮ್ಮಿ, ಸಂಗೀತವೇ ಹೇಳುತ್ತದೆ. ಎಳೆಯ ನಂದಿನಿಯಾಗಿ ಸಾರಾ ಅರ್ಜುನ್ ಬಹಳ ಇಷ್ಟವಾದಳು. ಕಲ್ಕಿ ಇದನ್ನು ಇವರ ಬಾಯಲ್ಲಿ ಸ್ವಲ್ಪ, ಅವರ ಬಾಯಲ್ಲಿ ಸ್ವಲ್ಪ ಹೇಳಿಸುತ್ತಾರೆ. ನಿರ್ದೇಶಕ ಮಣಿರತ್ನಂ ನೇರವಾಗಿ ತೋರಿಸಿದ್ದಾರೆ. ಇಲ್ಲಿ ನಾನು ಸಿನಿಮಾ ಕಡೆ. ಈ ಹತ್ತು ನಿಮಿಷ ಇರುವುದರಿಂದಲೇ ಮುಂದೆ ಕಡಂಬೂರು ಅರಮನೆಯಲ್ಲಿ ಅವರಿಬ್ಬರೂ ಒಂದೇ ಕೋಣೆಯಲ್ಲಿ ನಿಂತಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಕರಿಕಾಲನಾಗಿ ವಿಕ್ರಂ ಆ ದೃಶ್ಯದಲ್ಲಿ ಏನು ಮಾಡಿದ್ದಾರೆ ಅಂತ ಬರೆಯಲು ಹೋದರೆ ಹಾಳಾಗುತ್ತದೆ. ಕರಿಕಾಲನನ್ನು ಕೊಂದವರು ಯಾರು ಅನ್ನುವುದನ್ನು ಕಲ್ಕಿ ಬಿಡಿಸಿ ಹೇಳುವುದೇ ಇಲ್ಲ. ಸಿನಿಮಾ ತನ್ನ ಉತ್ತರ ಕೊಡುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಒಪ್ಪಿದೆ, ಅತ್ತೂಬಿಟ್ಟೆ.

ಅದಾದ ಮೇಲೆ ಸಿನಿಮಾಕ್ಕೆ ಅವಸರ ಬರುತ್ತದೆ. ಕೊನೆಯಲ್ಲಿ ಕಾದಂಬರಿಯಲ್ಲಿ ಇಲ್ಲದ ಒಂದು ಯುದ್ಧ ಇದೆ. ಕಲ್ಕಿ ಕೊನೆಯ ಭಾಗಕ್ಕೆ ‘ತ್ಯಾಗಶಿಖರ’ ಅಂತ ಹೆಸರಿಟ್ಟು 91 ಅಧ್ಯಾಯ ಬರೆದರು. ಎಲ್ಲಕ್ಕಿಂತ ದೊಡ್ಡ ಭಾಗ ಅದು. ಕಿರೀಟ ಕೈಗೆ ಬಂದವನು ಅದನ್ನು ಬಿಟ್ಟುಕೊಡುವುದು ಎಷ್ಟು ನಿಧಾನ, ಎಷ್ಟು ಕಷ್ಟ ಅಂತ ತೋರಿಸಲಿಕ್ಕೇ ಅಷ್ಟು ಪುಟ. ಪರದೆ ಮೇಲೆ ಅದು ಕೆಲವೇ ನಿಮಿಷ.

ಇಬ್ಬರನ್ನು ನಾನು ಬಹಳ ನೆನೆಸಿಕೊಂಡೆ. ಒಬ್ಬಳು ಮಣಿಮೇಕಲೈ, ಕಡಂಬೂರಿನ ಹುಡುಗಿ, ವಂದಿಯತ್ತೇವನನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳು. ಸಿನಿಮಾದಲ್ಲಿ ಅವಳು ಇಲ್ಲವೇ ಇಲ್ಲ. ಕಾದಂಬರಿ ಮುಗಿಯುವುದೇ ಅವಳ ಮೇಲೆ. ಪಾಟಿ ಆ ಅಧ್ಯಾಯವನ್ನು ನಮಗೆ ಒಂದೇ ಸಲ ಓದಿದ್ದರು. ಮತ್ತೆ ಕೇಳಿದರೆ, ನೀನೇ ಓದಿಕೋ ಅಂತ ಪುಸ್ತಕ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರು.

ಇನ್ನೊಬ್ಬ ಸೇಂದನ್ ಅಮುದನ್. ತಂಜಾವೂರಿನ ಹೊರಗೆ ಹೂದೋಟದಲ್ಲಿ ಮೂಗಿ ತಾಯಿಯ ಜೊತೆ ಇರುವವನು. ಬೆಳಗಾಗುವ ಮೊದಲು ಹೂ ಬಿಡಿಸಿ, ದೇವಸ್ಥಾನಕ್ಕೆ ಮಾಲೆ ಕಟ್ಟಿ ಕೊಡುವುದು, ಶಿವನ ಪದ ಹಾಡುವುದು, ಇಷ್ಟೇ ಅವನ ಲೋಕ. ಪಾಟಿಗೆ ಎಲ್ಲ ರಾಜಕುಮಾರರಿಗಿಂತ ಇವನೇ ಹೆಚ್ಚು. ಸಿನಿಮಾದಲ್ಲಿ ಅವನು ಇದ್ದಾನೆ, ಬಂದು ಹೋಗುತ್ತಾನೆ ಅಷ್ಟೇ. ಕಾದಂಬರಿಯಲ್ಲಿ ಅವನ ಪಾಲಿಗೆ ಬರುವುದನ್ನು ಪೂರ್ತಿ ತೆಗೆದುಹಾಕಿದ್ದಾರೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಓದದವರಿಗೆ ಆ ಸುಖ ಹಾಗೇ ಇರಲಿ. ಮಣಿರತ್ನಂ ಐದು ಭಾಗವನ್ನು ಎರಡು ಸಿನಿಮಾಕ್ಕೆ ಇಳಿಸಬೇಕಿತ್ತು, ಏನಾದರೂ ಬಿಡಲೇಬೇಕಿತ್ತು, ಎಲ್ಲ ಸರಿ. 1950ರ ದಶಕದಲ್ಲೇ ಎಂ.ಜಿ.ಆರ್. ಇದನ್ನು ಸಿನಿಮಾ ಮಾಡಲು ಹೊರಟು ಕೈಬಿಟ್ಟಿದ್ದರು. ಅಷ್ಟು ಕಷ್ಟದ ಕೆಲಸ. ಮಾಡಿ ಮುಗಿಸಿದವರಿಗೆ ನನ್ನ ನಮಸ್ಕಾರ. ಆದರೂ ಹೂ ಕಟ್ಟುವ ಹುಡುಗನನ್ನು ಬಿಟ್ಟದ್ದನ್ನು ನಾನು ಮರೆಯಲಾರೆ.

ಕನ್ನಡದಲ್ಲಿ ನೋಡಬೇಕು ಅನ್ನುವವರಿಗೆ ಒಂದು ಮಾತು. ಮೊದಲ ಭಾಗ ಪ್ರೈಮ್‌ನಲ್ಲಿ ಕನ್ನಡದಲ್ಲೂ ಇದೆ. ನಾವು ನವೆಂಬರ್‌ನಲ್ಲಿ ಮನೆಯಲ್ಲಿ ನೋಡಿದೆವು. ಡಬ್ಬಿಂಗ್ ಮೋಸ ಇಲ್ಲ, ಮಾತು ತಿಳಿಯಾಗಿದೆ. ಹೆಸರುಗಳ ಗೊಂದಲ ತಪ್ಪಿಸಲು, ನೋಡುವ ಮೊದಲು ಒಂದು ಹಾಳೆಯಲ್ಲಿ ಸುಂದರ ಚೋಳನ ಮೂರು ಮಕ್ಕಳು, ಸಾಮಂತ ಅಣ್ಣತಮ್ಮಂದಿರಾದ ಇಬ್ಬರು ಪಳುವೇಟ್ಟರೈಯರ್, ಅವರ ಅರಮನೆಯ ನಂದಿನಿ, ಇಷ್ಟು ಬರೆದುಕೊಳ್ಳಿ. ಸಾಕು. ನೀರಿನ ಗಲಾಟೆ ಆದಾಗಲೆಲ್ಲ ನಮ್ಮಲ್ಲಿ ಮೊದಲು ನಿಲ್ಲುವುದು ತಮಿಳು ಸಿನಿಮಾ. ಅಂಥ ದಿನಗಳಲ್ಲಿ ಪಾಟಿಯ ಮಗಳು ಅಂಗಡಿಯಲ್ಲಿ ಮಗನ ಜೊತೆ ತಮಿಳು ಮಾತಾಡಲೂ ಹಿಂಜರಿದದ್ದನ್ನು ನಾನು ನೋಡಿದ್ದೇನೆ. ಆ ಭಾನುವಾರ ಮೈಸೂರಿನ ಚಿತ್ರಮಂದಿರ ತುಂಬಿತ್ತು, ಅವಳು ಜೋರಾಗಿ ತಮಿಳಿನಲ್ಲೇ ನಕ್ಕಳು, ಅತ್ತಳು.

ಇಂಟರ್ವಲ್‌ನಲ್ಲಿ ಕಾಫಿ ಕುಡಿಯುತ್ತಾ ಮನೆಯವರು ಕೇಳಿದ್ದರು: ಅಮುದನ್ ಯಾಕೆ ಬರಲೇ ಇಲ್ಲ? ಅವನಿಗೂ ಪೂಂಗುಳಲಿಗೂ ಏನಾಗುತ್ತೆ? ಪಾಟಿಯ ಮಗಳು ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ. ಸಿನಿಮಾ ಅದನ್ನು ಹೇಳಲಿಲ್ಲ, ಹಾಗಾಗಿ ಅವರಿಗೆ ಇನ್ನೂ ಗೊತ್ತಿಲ್ಲ.

ನಾಲ್ಕನೇ ಭಾಗಕ್ಕೆ ಹೊಸ ಪುಸ್ತಕ ತರಿಸಿದ್ದೇನೆ. ದಿನಕ್ಕೆ ಒಂದು ಅಧ್ಯಾಯದ ಲೆಕ್ಕ ಹಾಕಿದರೆ ಐದನೇ ಭಾಗಕ್ಕೆ ಹೋಗುವುದು ಕಕ್ಕಡದಲ್ಲಿ, ಮಳೆ ಸುರಿಯುವಾಗ. ನಿನ್ನೆ ರಾತ್ರಿ ಕರೆಂಟ್ ಹೋಯಿತು. ನಾನು ಪುಸ್ತಕ ಮುಚ್ಚಿದೆ. ಅವರು ಟಾರ್ಚ್ ತಂದು ಪುಟದ ಮೇಲೆ ಹಿಡಿದರು. ‘ಅಪ್ಪುರಂ?’ ಅಂದರು.